ಸಂಖ್ಯೆಗಳ ನಡವಳಿಕೆಯೂ ಸರಾಸರಿಯ ಸಾಕ್ಷ್ಯವೂ

ಅಂಕಿಅಂಶಗಳ ಶಾಸ್ತ್ರವು ಅನಿಶ್ಚಿತವಾದ ವಿಷಯಗಳಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆಯು ವಿದ್ಯಾವಂತರಲ್ಲಿಯೂ ಬಲವಾಗಿ ನೆಲೆಸಿದೆ. ಮಳೆಯ ಪ್ರಮಾಣ, ಬೆಳೆಯ ಹುಟ್ಟುವಳಿ, ಜನನಮರಣಗಳ ಲೆಕ್ಕ ಮುಂತಾದವುಗಳಲ್ಲಿ ಸರಾಸರಿಯನ್ನು ತೆಗೆಯುವುದು ಯುಕ್ತವೆಂದು ಎಲ್ಲರೂ ಒಪ್ಪುವರು. ಆದರೆ ೧, ೨, ೪, ೮, ೧೬ ಎಂದು ಇಮ್ಮಡಿಯಾಗುತ್ತ ಹೋಗುವ ಸಂಖ್ಯಾಮಾಲೆಯಲ್ಲಿ ಅನಿಶ್ಚಿತವಾದುದು ಏನಿದೆ? ಒಂದೊಂದು ಸಂಖ್ಯೆಯೂ ಅದರ ಹಿಂದಿನದರಿಂದ ನಿರ್ಧರಿತವಾಗಿದೆ. ಅದೃಷ್ಟಕ್ಕೆ ಅಲ್ಲಿ ಕೂದಲೆಳೆಯಷ್ಟೂ ಎಡೆಯಿಲ್ಲ. ಹೀಗಿದ್ದರೂ ಈ ಮಾಲೆಯ ಅಂಕಗಳು ಪಗಡೆಯ ದಾಳದಂತೆ ವರ್ತಿಸುವುವೆಂದೂ, ಅವುಗಳ ವರ್ತನೆಗೆ ಸಂಭವನೀಯತೆಯ ನಿಯಮಗಳೇ ಅನ್ವಯಿಸುವುವೆಂದೂ ಗಣಿತಜ್ಞರು ಹೇಳುತ್ತಾರೆ. ಕಳೆದ ನೂರು ವರ್ಷಗಳಲ್ಲಿ ಬೆಳೆದುಬಂದ ‘ಎರ್ಗೋಡಿಕ್’ ಸಿದ್ಧಾಂತವೆಂಬ ಗಣಿತಶಾಖೆಯ ಕೆಲಸವು ಬಹುಮಟ್ಟಿಗೆ ಇದೇ ಆಗಿದೆ. ವಿಷಯವು ಪಂಡಿತರದಾದರೂ ಅದರ ಒಳಗಿರುವ ವಿವೇಕವು ವೃತ್ತಪತ್ರಿಕೆಗಳಲ್ಲಿ ದಿನದಿನವೂ ಅಂಕಿಗಳನ್ನು ಓದುವ ಪ್ರತಿಯೊಬ್ಬ ನಾಗರಿಕನಿಗೂ ಬೇಕಾದುದಾದ್ದರಿಂದ, ಅದನ್ನು ಕನ್ನಡದ ವಾಚಕರ ಮುಂದೆ ಕೊಂಚ ವಿಸ್ತಾರವಾಗಿಯೇ ಇಡುವುದು ಯೋಗ್ಯವೆಂದು ನಮಗೆ ತೋರುತ್ತದೆ.

ಚದುರಂಗದ ಮಣೆಯ ಅರವತ್ತನಾಲ್ಕು ಮನೆಗಳಲ್ಲಿ ಒಂದಕ್ಕೊಂದು ಇಮ್ಮಡಿಯಾಗಿ ಕಾಳುಗಳನ್ನಿಡಿಸಿ ಅರಸನ ಕಣಜವನ್ನು ಬರಿದುಮಾಡಿದ ಜಾಣನ ಕಥೆಯು ವಾಚಕರಿಗೆ ಗೊತ್ತೇ ಇದೆ. ಆ ಮನೆಗಳ ಸಂಖ್ಯೆಗಳನ್ನೇ ಬರೆದು, ಪ್ರತಿಯೊಂದರ ಮೊದಲನೆಯ ಅಂಕವನ್ನು ಮಾತ್ರ ನೋಡುತ್ತ ಹೋಗೋಣ. ೧, ೨, ೪, ೮; ಬಳಿಕ ೧೬ರ ೧, ೩೨ರ ೩, ೬೪ರ ೬, ೧೨೮ರ ೧, ೨೫೬ರ ೨, ೫೧೨ರ ೫. ಮುಂದಿನ ಹತ್ತು ಸಂಖ್ಯೆಗಳನ್ನು ತೆಗೆದುಕೊಂಡರೆ ೧೦೨೪, ೨೦೪೮, ೪೦೯೬, ೮೧೯೨ ಎಂದು ಮೊದಲಾಗಿ ಪುನಃ ೧, ೨, ೪, ೮, ೧, ೩, ೬, ೧, ೨, ೫ ಎಂಬ ಅದೇ ಸಾಲು ಬರುತ್ತದೆ. ಅದರ ಮುಂದಿನ ಹತ್ತರಲ್ಲಿಯೂ ಅದೇ. ಆಮೇಲಿನ ಹತ್ತರಲ್ಲಿಯೂ ಅದೇ. ನಲವತ್ತು ಸಂಖ್ಯೆಗಳನ್ನು ಶ್ರಮವಹಿಸಿ ಬರೆದ ವಿದ್ಯಾರ್ಥಿಯು, ೭ ಮತ್ತು ೯ ಎಂಬ ಅಂಕಗಳು ಈ ಮಾಲೆಯ ತಲೆಯಲ್ಲಿ ಎಂದಿಗೂ ಬರುವುದಿಲ್ಲವೆಂದು ತೀರ್ಮಾನಿಸಿದರೆ ಅವನನ್ನು ಯಾರು ತಾನೇ ಹಳಿಯಬಲ್ಲರು? ಆದರೆ ಆ ತೀರ್ಮಾನವು ತಪ್ಪು. ಎರಡರ ೪೬ನೆಯ ಘಾತವು ೭,೦೩,೬೮,೭೪,೪೧,೭೭,೬೬೪ ಆಗಿದ್ದು, ೭ ಎಂಬ ಅಂಕವು ಅಲ್ಲಿ ಮೊದಲಬಾರಿಗೆ ತಲೆಯೆತ್ತುತ್ತದೆ. ೯ಕ್ಕಾಗಿ ೫೩ನೆಯ ಘಾತದವರೆಗೆ ಕಾಯಬೇಕು.

ಈ ಆಟದ ಮರ್ಮವನ್ನು ತಿಳಿಯಲು ಲಾಗರಿತಮ್ ಕೋಷ್ಟಕದ ಅಲ್ಪ ಪರಿಚಯವಷ್ಟೇ ಸಾಕು. ಎರಡರಿಂದ ಗುಣಿಸುವುದೆಂದರೆ ಲಾಗರಿತಮಿನಲ್ಲಿ ೦.೩೦೧೦೩ರಷ್ಟನ್ನು ಕೂಡುವುದು. ಮೊದಲನೆಯ ಅಂಕವು ಯಾವುದೆಂಬುದು ಲಾಗರಿತಮಿನ ಪೂರ್ಣಾಂಕ ಭಾಗವನ್ನು ಅವಲಂಬಿಸದೆ ದಶಾಂಶ ಭಾಗವನ್ನು ಮಾತ್ರ ಅವಲಂಬಿಸುತ್ತದೆ. ಆದುದರಿಂದ ಒಂದು ಮಾನದಷ್ಟು ಸುತ್ತಳತೆಯುಳ್ಳ ಒಂದು ಚಕ್ರವನ್ನು ಕಲ್ಪಿಸಿ, ಅದರ ಅಂಚಿನ ಮೇಲೆ ಒಂದು ಇರುವೆಯು ಪ್ರತಿ ಸಲವೂ ೦.೩೦೧೦೩ರಷ್ಟು ಮುಂದಕ್ಕೆ ಹೋಗುತ್ತಿದೆಯೆಂದು ತಿಳಿಯೋಣ. ಚಕ್ರದ ಅಂಚನ್ನು ಒಂಬತ್ತು ಹೋಳುಗಳಾಗಿ ಗುರುತುಮಾಡಿದೆ; ೦ಯಿಂದ ೦.೩೦೧ರ ವರೆಗಿನದು ‘೧’ರ ಹೋಳು, ೦.೮೪೫ರಿಂದ ೦.೯೦೩ರ ವರೆಗಿನದು ‘೭’ರ ಹೋಳು, ಹೀಗೆ. ಇರುವೆಯು ಯಾವ ಹೋಳಿನಲ್ಲಿ ಕಾಲಿಡುವುದೋ ಆ ಹೋಳಿನ ಅಂಕವೇ ಸಂಖ್ಯೆಯ ಮೊದಲನೆಯ ಅಂಕವು. ಇರುವೆಯ ಹೆಜ್ಜೆಯು ಸರಿಯಾಗಿ ೦.೩ ಆಗಿದ್ದ ಪಕ್ಷದಲ್ಲಿ ಹತ್ತು ಹೆಜ್ಜೆಗಳಲ್ಲಿ ಮೂರು ಸುತ್ತು ಮುಗಿದು ಅದು ಹೊರಟ ಸ್ಥಳಕ್ಕೇ ಬರುತ್ತಿತ್ತು. ಆಗ ಆ ಹತ್ತು ಅಂಕಗಳ ಸಾಲು ಎಂದೆಂದಿಗೂ ಬದಲಾಗುತ್ತಿರಲಿಲ್ಲ. ಆದರೆ ಹೆಜ್ಜೆಯು ಕೊಂಚ ದೊಡ್ಡದು. ಹತ್ತು ಹೆಜ್ಜೆಗಳಿಗೆ ೦.೦೧೦೩ರಷ್ಟು ಮುಂದಕ್ಕೆ ಜಾರುತ್ತದೆ. ೬೪ರ ಸ್ಥಾನವು ೦.೮೦೬, ನಾಲ್ಕು ಬಾರಿ ಜಾರಿದ ಬಳಿಕ ಅದು ೦.೮೪೭ ಆಗಿ ‘೭’ರ ಗಡಿಯನ್ನು ದಾಟುತ್ತದೆ. ಆರಕ್ಕೆ ನಾಲ್ಕು ಹತ್ತನ್ನು ಕೂಡಿದರೆ ನಲವತ್ತಾರು! ಮೇಲ್ನೋಟಕ್ಕೆ ಕಂಡ ಆವರ್ತನೆಯ ಕಾರಣವೂ, ಆ ಆವರ್ತನೆಯು ಮುರಿದುಬಿದ್ದ ಕಾರಣವೂ ಒಂದೇ ಅಂಕೆಯಲ್ಲಿ ಅಡಗಿದ್ದುವು.

ಇನ್ನು ಮುಂದಿನ ಪ್ರಶ್ನೆ. ಇರುವೆಯು ಯಾವ ಹೋಳಿಗೆ ಎಷ್ಟು ಸಲ ಬರುವುದು? ಎರಡರ ಯಾವ ಘಾತವೂ ಹತ್ತರ ಘಾತಕ್ಕೆ ಸಮನಾಗಲಾರದಾದ್ದರಿಂದ ಈ ಹೆಜ್ಜೆಯು ಅಭಾಗಲಬ್ಧ ಸಂಖ್ಯೆ. ಎಂದರೆ ಇರುವೆಯು ಹಿಂದೆ ಇಟ್ಟ ಸ್ಥಳದಲ್ಲಿಯೇ ಮತ್ತೊಮ್ಮೆ ಕಾಲಿಡುವಂತಿಲ್ಲ. ಇಂತಹ ಸಂದರ್ಭದಲ್ಲಿ ಅದು ಚಕ್ರದ ಯಾವ ಭಾಗಕ್ಕೂ ಪಕ್ಷಪಾತ ತೋರದೆ, ಪ್ರತಿಯೊಂದು ಹೋಳಿಗೂ ಆ ಹೋಳಿನ ಉದ್ದಕ್ಕೆ ತಕ್ಕಷ್ಟು ಸಲ ಬರುವುದೆಂಬುದನ್ನು ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲಲ್ಲಿ ಹಲವರು ಕಂಡುಕೊಂಡರು. ೧೯೧೬ರಲ್ಲಿ ಹೆರ್ಮನ್ ವೈಲ್ ಎಂಬ ಜರ್ಮನ್ ಪಂಡಿತನು ಅದನ್ನು ವಿಶಾಲವಾದ ಒಂದು ತತ್ತ್ವವನ್ನಾಗಿ ಸ್ಥಾಪಿಸಿದನು. ಆ ಪ್ರಕಾರ ಎರಡರ ಘಾತಗಳಲ್ಲಿ ನೂರಕ್ಕೆ ೩೦.೧ರಷ್ಟು ೧ರಿಂದಲೂ, ೧೭.೬ರಷ್ಟು ೨ರಿಂದಲೂ ಮೊದಲಾಗುತ್ತವೆ, ೭ಕ್ಕೆ ೫.೮, ೮ಕ್ಕೆ ೫.೧, ೯ಕ್ಕೆ ೪.೬. ನಲವತ್ತೈದರವರೆಗೆ ಮುಖವನ್ನೇ ತೋರದಿದ್ದ ೭ ಎಂಬುದು, ನಾಲ್ಕನೆಯ ಹೆಜ್ಜೆಯಲ್ಲಿಯೇ ಬಂದ ೮ಕ್ಕಿಂತ ಕೊನೆಗೆ ಹೆಚ್ಚು ಪಾಲನ್ನು ಪಡೆಯುತ್ತದೆ! ಒಂದರ ಪಾಲನ್ನಂತೂ ಪೆನ್ಸಿಲು ಹಿಡಿದ ಹುಡುಗನೂ ಪರೀಕ್ಷಿಸಬಹುದು. ಇಮ್ಮಡಿಯಾಗುತ್ತ ಹೋಗುವಾಗ ಅಂಕಗಳ ಸಂಖ್ಯೆಯು ಒಂದರಿಂದ ಹೆಚ್ಚಿದಾಗಲೆಲ್ಲ ಹೊಸ ಸಂಖ್ಯೆಯು ೧ರಿಂದಲೇ ಮೊದಲಾಗಬೇಕು; ಅದರ ಮುಂದಿನದು ೨ ಅಥವಾ ೩ರಿಂದ ಮೊದಲಾಗಬೇಕು. ಆದ್ದರಿಂದ ಎರಡಂಕಿಯವುಗಳಲ್ಲಿ ಒಂದು, ಮೂರಂಕಿಯವುಗಳಲ್ಲಿ ಒಂದು, ಹೀಗೆ ಪ್ರತಿ ಉದ್ದಕ್ಕೂ ಒಂದೇ ಒಂದು ಸಂಖ್ಯೆಯು ೧ರಿಂದ ಮೊದಲಾಗುವುದು. ಮೊದಲನೆಯ ಸಾವಿರ ಸಂಖ್ಯೆಗಳಲ್ಲಿ ಕಟ್ಟಕಡೆಯದರಲ್ಲಿ ೩೦೧ ಅಂಕಗಳಿವೆ. ಆದುದರಿಂದ ೧ರಿಂದ ಮೊದಲಾಗುವವು ಸರಿಯಾಗಿ ೩೦೧.

ಇಲ್ಲಿ ಸ್ವಲ್ಪ ದಾರಿಬಿಟ್ಟು ನಡೆಯುವುದಕ್ಕೆ ವಾಚಕರು ಅನುಮತಿ ಕೊಡಬೇಕು. ಇದೇ ಪ್ರಮಾಣಗಳು ಲೌಕಿಕವಾದ ಅಂಕಿಗಳಲ್ಲಿಯೂ ಕಾಣಿಸಿಕೊಳ್ಳುವುದುಂಟು. ಅಮೇರಿಕದ ಖಗೋಲಜ್ಞನಾದ ಸೈಮನ್ ನ್ಯೂಕೋಂಬನು ೧೮೮೧ರಲ್ಲಿ, ಲಾಗರಿತಮ್ ಪುಸ್ತಕಗಳ ಮೊದಲ ಪುಟಗಳು ಕೊನೆಯ ಪುಟಗಳಿಗಿಂತ ಹೆಚ್ಚು ಸವೆದಿರುವುದನ್ನು ಗಮನಿಸಿ ಈ ನಿಯಮವನ್ನು ಸೂಚಿಸಿದನು. ಫ್ರಾಂಕ್ ಬೆನ್‌ಫರ್ಡನೆಂಬ ಭೌತವಿಜ್ಞಾನಿಯು ೧೯೩೮ರಲ್ಲಿ ನದಿಗಳ ವಿಸ್ತಾರ, ಊರುಗಳ ಜನಸಂಖ್ಯೆ ಮೊದಲಾದ ೨೦,೨೨೯ ಅಂಕಿಗಳನ್ನು ಕೂಡಿಹಾಕಿ ಅದನ್ನು ಮತ್ತೆ ಎತ್ತಿಹಿಡಿದನು. ನಿಯಮವು ಈಗ ಅವನ ಹೆಸರಿನಿಂದಲೇ ನಡೆಯುತ್ತಿದೆ. ಲೆಕ್ಕಪತ್ರಗಳಲ್ಲಿ ಮೋಸವನ್ನು ಹುಡುಕುವವರು ಇದನ್ನು ಒಂದು ಒರೆಗಲ್ಲನ್ನಾಗಿ ಬಳಸುತ್ತಾರೆ. ಸುಳ್ಳು ಅಂಕಿಗಳನ್ನು ಬರೆಯುವವನು ಒಂಬತ್ತು ಅಂಕಗಳನ್ನೂ ಸರಿಸಮನಾಗಿ ಹಂಚುವ ಹವ್ಯಾಸವುಳ್ಳವನಾದ್ದರಿಂದ ಸಿಕ್ಕಿಬೀಳುವುದುಂಟು. ಆದರೆ ಎರಡರ ಘಾತಗಳ ವಿಷಯದಲ್ಲಿ ಇದು ಪ್ರಮೇಯ. ವ್ಯವಹಾರದ ಅಂಕಿಗಳ ವಿಷಯದಲ್ಲಿ ಬರಿಯ ಅನುಭವ, ಅದೂ ಅಂಕಿಗಳು ಹತ್ತು, ನೂರು, ಸಾವಿರ, ಲಕ್ಷಗಳವರೆಗೆ ಹರಡಿಕೊಂಡಿದ್ದರೆ ಮಾತ್ರ. ಈ ಭೇದವನ್ನು ಮರೆತುದರ ಫಲವು ೨೦೨೦ರ ಅಮೇರಿಕದ ಅಧ್ಯಕ್ಷ ಚುನಾವಣೆಯ ತರುವಾಯ ಪ್ರಕಟವಾಯಿತು. ಮತಗಟ್ಟೆಗಳ ಅಂಕಿಗಳು ಬೆನ್‌ಫರ್ಡನ ನಿಯಮವನ್ನು ಅನುಸರಿಸುವುದಿಲ್ಲವಾದ್ದರಿಂದ ಮೋಸವು ನಡೆದಿದೆಯೆಂಬ ಕೂಗು ಎದ್ದಿತು. ಪ್ರತಿ ಮತಗಟ್ಟೆಯಲ್ಲಿಯೂ ಎಂಟುನೂರು ಮಂದಿ ಮತದಾರರಿದ್ದು, ಒಬ್ಬ ಅಭ್ಯರ್ಥಿಗೆ ಸುಮಾರು ಅರ್ಧ ಮತಗಳು ಬಿದ್ದರೆ, ಅವನ ಅಂಕಿಗಳೆಲ್ಲ ೩, ೪, ೫ರಿಂದಲೇ ಮೊದಲಾಗುವುವೆಂಬುದನ್ನು ತಿಳಿಯಲು ಗಣಿತಪಾಂಡಿತ್ಯವು ಬೇಕೆ? ಇರುವೆಯು ಚಕ್ರವನ್ನು ಸುತ್ತಲೇ ಇಲ್ಲ. ಅದು ಎಲ್ಲ ಹೋಳುಗಳನ್ನೂ ಮೆಟ್ಟಲಿಲ್ಲವೆಂದು ಅದರ ಮೇಲೆ ಅಪವಾದವನ್ನು ಹೊರಿಸಿದರು! ಅಂಕಿಗಳ ಸಾಕ್ಷ್ಯವನ್ನು ಮುಂದಿಟ್ಟು ಜನರ ತೀರ್ಪನ್ನೇ ಸಂಶಯಕ್ಕೆ ಗುರಿಮಾಡುವವರು ಮೊದಲು ಆ ಸಾಕ್ಷಿಯ ಯೋಗ್ಯತೆಯನ್ನು ವಿಚಾರಿಸತಕ್ಕದ್ದು.

ಹಾಗಾದರೆ ಒಂದು ಮಾಲೆಯ ಸರಾಸರಿಯನ್ನು ಯಾವಾಗ ನಂಬಬಹುದು? ಎರ್ಗೋಡಿಕ್ ಸಿದ್ಧಾಂತವು ಹುಟ್ಟಿದುದೇ ಈ ಪ್ರಶ್ನೆಯಿಂದ, ಆದರೆ ಸಂಖ್ಯೆಗಳ ನಿಮಿತ್ತದಿಂದಲ್ಲ. ಅನಿಲದ ಕಣಗಳ ಚಲನವನ್ನು ವಿಚಾರಿಸುತ್ತಿದ್ದ ಆಸ್ಟ್ರಿಯದ ಬೋಲ್ಟ್ಸ್‌ಮನ್ನನು ಗ್ರೀಕ್ ಮೂಲದಿಂದ ಆ ಶಬ್ದವನ್ನು ಹುಟ್ಟಿಸಿದನು. ಒಂದು ಕೆರೆಯ ನೀರು ಎಡೆಬಿಡದೆ ಸುಳಿಯುತ್ತಿದೆಯೆಂದು ಭಾವಿಸಿರಿ. ಅದರಲ್ಲಿ ಒಂದು ಬೆಂಡನ್ನು ಎಸೆದು, ಅದು ಬಹುಕಾಲದಲ್ಲಿ ಕೆರೆಯ ಯಾವ ಯಾವ ಭಾಗದಲ್ಲಿ ಎಷ್ಟೆಷ್ಟು ಹೊತ್ತು ತೇಲಿತೆಂದು ಲೆಕ್ಕವಿಡುವುದು ಒಂದು ರೀತಿ. ಇದು ಕಾಲದ ಸರಾಸರಿ. ಕೆರೆಯ ಆ ಭಾಗವು ಒಟ್ಟು ಕೆರೆಯಲ್ಲಿ ಎಷ್ಟನೆಯ ಪಾಲೆಂದು ಅಳೆಯುವುದು ಇನ್ನೊಂದು ರೀತಿ. ಇದು ಸ್ಥಳದ ಸರಾಸರಿ. ಇವೆರಡೂ ಒಂದೇ ಆಗಬೇಕಾದರೆ ಕೆರೆಯ ನಡುವೆ ಏರಿಯೊಂದು ಅಡ್ಡಬಂದಿರಕೂಡದು. ಅಡ್ಡಬಂದಿದ್ದರೆ ಈಚೆಯ ಬೆಂಡು ಆಚೆಯ ನೀರನ್ನು ಎಂದಿಗೂ ಕಾಣಲಾರದು. ಹಾಗೆ ಏರಿಯಿಲ್ಲದ, ಇಬ್ಭಾಗವಾಗದ ಚಲನಕ್ಕೆ ಎರ್ಗೋಡಿಕ್ ಎಂದು ಹೆಸರು. ಅಂತಹ ಚಲನದಲ್ಲಿ ಎರಡು ಸರಾಸರಿಗಳೂ ಕೂಡಿಬರುವುವೆಂಬುದನ್ನು ಅಮೇರಿಕದ ಬಿರ್ಕಾಫನು ೧೯೩೧ರಲ್ಲಿ ಸಾಧಿಸಿದನು. ಇನ್ನೊಂದು ಅರ್ಥದಲ್ಲಿ ವಾನ್ ನ್ಯೂಮನ್ನನು ಅದಕ್ಕೆ ಮೊದಲೇ ಸಾಧಿಸಿದ್ದು, ಅವನ ಲೇಖನವು ೧೯೩೨ರಲ್ಲಿ ಅಚ್ಚಾಯಿತು.

ಆದರೆ ಬಿರ್ಕಾಫನ ಪ್ರಮೇಯದಲ್ಲಿ ಒಂದು ಸಣ್ಣ ಮಾತುಂಟು. ಸಮಸ್ತ ವಿಷಯದ ಕೀಲಿಯು ಅಲ್ಲಿಯೇ ಇದೆ. ಕೂಡಿಬರುವುದು ‘ಪ್ರಾಯಃ ಎಲ್ಲ’ ಆರಂಭಬಿಂದುಗಳಿಗೆ, ಎಲ್ಲಕ್ಕೂ ಅಲ್ಲ. ಅಪವಾದಗಳ ಒಟ್ಟು ವಿಸ್ತಾರವು ಸೊನ್ನೆ. ಆದರೆ ಸೊನ್ನೆಯ ವಿಸ್ತಾರದಲ್ಲಿಯೂ ಅಸಂಖ್ಯ ಬಿಂದುಗಳು ಅಡಗಿರಬಲ್ಲುವು. ನಮ್ಮ ಇರುವೆಯ ಚಕ್ರದಲ್ಲಿ ಈ ತೊಡಕು ಇಲ್ಲ. ಅಲ್ಲಿ ಎಲ್ಲಿಂದ ಹೊರಟರೂ ಫಲವು ಒಂದೇ. ಆದುದರಿಂದಲೇ ಎರಡರ ಘಾತಗಳ ವಿಷಯದಲ್ಲಿ ಖಂಡಿತವಾಗಿ ಮಾತನಾಡಲು ನಮಗೆ ಸಾಧ್ಯವಾಯಿತು. ಚಲನವು ಸ್ವಲ್ಪ ಬದಲಾದರೆ ಆ ಧೈರ್ಯವು ಉಳಿಯುವುದಿಲ್ಲ.

ಉದಾಹರಣೆಗೆ ೦ ಮತ್ತು ೧ರ ನಡುವಣ ಒಂದು ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಪೂರ್ಣಾಂಕವನ್ನು ಎಸೆದು, ಉಳಿದುದನ್ನು ಪುನಃ ಹತ್ತರಿಂದ ಗುಣಿಸುತ್ತ ಹೋಗಿರಿ. ಎಸೆದ ಪೂರ್ಣಾಂಕಗಳೇ ಆ ಸಂಖ್ಯೆಯ ದಶಾಂಶದ ಅಂಕಗಳು. ಈ ಚಲನವೂ ಎರ್ಗೋಡಿಕ್ ಆದುದೇ. ಆದ್ದರಿಂದ ಪ್ರಾಯಃ ಎಲ್ಲ ಸಂಖ್ಯೆಗಳಲ್ಲಿಯೂ ಹತ್ತು ಅಂಕಗಳು ಹತ್ತನೆಯ ಒಂದು ಪಾಲಿನಂತೆ ಬರುವುವು. ೦೦ಯಿಂದ ೯೯ರ ವರೆಗಿನ ಜೋಡಿಗಳು ನೂರನೆಯ ಒಂದು ಪಾಲಿನಂತೆ ಬರುವುವು. ಹೀಗೆಯೇ ಎಷ್ಟು ಉದ್ದದ ಗುಂಪಿಗಾದರೂ. ಇಂತಹ ಸಂಖ್ಯೆಗೆ ‘ನಾರ್ಮಲ್’ ಎಂದು ಹೆಸರಿಟ್ಟು, ಪ್ರಾಯಃ ಎಲ್ಲವೂ ನಾರ್ಮಲ್ ಎಂಬುದನ್ನು ಫ್ರಾನ್ಸಿನ ಎಮಿಲ್ ಬೋರೆಲನು ೧೯೦೯ರಲ್ಲಿಯೇ ತೋರಿಸಿದ್ದನು. ಅವನು ಹೇಳಿದ ಲಕ್ಷಣದಲ್ಲಿ ಅನಾವಶ್ಯಕವಾದ ಒಂದು ಭಾಗವಿತ್ತು. ಅದನ್ನು ಕಳೆದು ಸರಳಗೊಳಿಸಿದವರು ನಮ್ಮ ದಕ್ಷಿಣದೇಶದ ಗಣಿತಜ್ಞರಾದ ಎಸ್. ಎಸ್. ಪಿಳ್ಳೆಯವರು, ಆ ಲೇಖನಗಳು ಸರ್ ಸಿ. ವಿ. ರಾಮನ್ನರು ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸಂಸ್ಥೆಯ ನಡವಳಿಗಳಲ್ಲಿ ೧೯೩೯-೪೦ರಲ್ಲಿ ಅಚ್ಚಾದುವು.

ಪ್ರಾಯಃ ಎಲ್ಲವೂ ನಾರ್ಮಲ್ ಎಂದಮೇಲೆ ಒಂದನ್ನಾದರೂ ಕೈಯೆತ್ತಿ ತೋರಿಸಿರೆಂದು ಕೇಳಿದರೆ ಪಂಡಿತರು ತಡವರಿಸುತ್ತಾರೆ. ೧೯೩೩ರಲ್ಲಿ ಕೇಂಬ್ರಿಜ್ಜಿನ ವಿದ್ಯಾರ್ಥಿಯಾಗಿದ್ದ ಚಾಂಪರ್ನೌನನು ೦.೧೨೩೪೫೬೭೮೯೧೦೧೧೧೨ ಎಂದು ಎಣಿಕೆಯ ಸಂಖ್ಯೆಗಳನ್ನೇ ಸಾಲಾಗಿ ಪೋಣಿಸಿ ಒಂದನ್ನು ಮಾಡಿ ತೋರಿಸಿದನು. ೧೯೪೬ರಲ್ಲಿ ಕೋಪ್ಲೆಂಡ್ ಮತ್ತು ಎರ್ಡಿಷ್ ಎಂಬವರು ಅವಿಭಾಜ್ಯ ಸಂಖ್ಯೆಗಳನ್ನು ಅದೇ ರೀತಿ ಪೋಣಿಸಿದರೂ ಸಾಗುವುದೆಂದು ಸಾಧಿಸಿದರು. ಇವೆಲ್ಲ ಬೇಕೆಂದೇ ಕಟ್ಟಿದ ಸಂಖ್ಯೆಗಳು. ನಾವು ಶಾಲೆಯಲ್ಲಿ ಕಲಿತ, ಜಗತ್ತಿನಲ್ಲಿ ತಾನಾಗಿ ದೊರಕುವ ಸಂಖ್ಯೆಗಳ ಪಾಡೇನು? ಎರಡರ ವರ್ಗಮೂಲದ ದಶಾಂಶದಲ್ಲಿ ೭ ಎಂಬ ಅಂಕವು ಕೊನೆಯಿಲ್ಲದಷ್ಟು ಸಲ ಬರುತ್ತದೆಯೇ ಎಂಬ ಇಷ್ಟು ಸಣ್ಣ ಪ್ರಶ್ನೆಗೂ ಇಂದಿನವರೆಗೆ ಉತ್ತರವಿಲ್ಲ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ‘ಪೈ’ ಎಂಬ ಪ್ರಮಾಣವನ್ನು ೨೦೨೨ರಲ್ಲಿ ಯಂತ್ರಗಳ ಸಹಾಯದಿಂದ ನೂರು ಲಕ್ಷ ಕೋಟಿ ಅಂಕಗಳವರೆಗೆ ಎಣಿಸಿದರು. ಅಂಕಗಳ ಹಂಚಿಕೆಯಲ್ಲಿ ಪಕ್ಷಪಾತದ ಸುಳಿವೂ ಕಾಣುವುದಿಲ್ಲ. ಆದರೂ ಅದು ನಾರ್ಮಲ್ ಎಂದು ಸಾಧಿಸಿದವರು ಯಾರೂ ಇಲ್ಲ. ನಲವತ್ತೈದು ಹೆಜ್ಜೆಗಳವರೆಗೆ ೭ನ್ನು ಕಾಣದ ವಿದ್ಯಾರ್ಥಿಯ ಪಾಡನ್ನು ನೆನೆದರೆ, ಎಷ್ಟು ಎಣಿಸಿದರೂ ಎಣಿಕೆಯು ಪ್ರಮಾಣವಾಗದೆಂಬ ಗಣಿತಜ್ಞರ ಹಟವು ಅರ್ಥವಾದೀತು. ಗುಂಪಿನ ವಿಷಯದಲ್ಲಿ ಸತ್ಯವಾದುದನ್ನು ಒಬ್ಬನ ತಲೆಗೆ ಕಟ್ಟುವ ಮೊದಲು ಆ ಒಬ್ಬನನ್ನೇ ವಿಚಾರಿಸಬೇಕು. ಜಾತಿ, ಕುಲ, ಊರುಗಳ ಮೇಲಿಂದ ಮನುಷ್ಯನನ್ನು ಅಳೆಯುವವರಿಗೂ ಈ ಶಾಸ್ತ್ರದ ಕಟ್ಟುನಿಟ್ಟು ಸ್ವಲ್ಪ ಇರುತ್ತಿದ್ದರೆ ಚೆನ್ನಾಗಿತ್ತು.

ಇನ್ನೊಂದು ಚಲನದ ಕಥೆಯು ನಮ್ಮ ನಾಡಿಗೆ ಸಮೀಪವಾದುದು. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿಸ್ತಶಕ ಒಂಬತ್ತನೆಯ ಶತಮಾನದಲ್ಲಿ, ಜೈನ ಗಣಿತಿಯಾದ ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ‘ವಲ್ಲಿಕಾಕುಟ್ಟೀಕಾರ’ವೆಂಬ ಲೆಕ್ಕದ ಕ್ರಮವೊಂದಿದೆ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಭಾಜಕವನ್ನು ಶೇಷದಿಂದ ಭಾಗಿಸಿ, ಹೀಗೆ ಪರಸ್ಪರ ಭಾಗಿಸುತ್ತ ಬಂದ ಲಬ್ಧಗಳನ್ನು ಬಳ್ಳಿಯಂತೆ ಒಂದರ ಕೆಳಗೊಂದಾಗಿ ಬರೆಯುವುದರಿಂದ ಅದಕ್ಕೆ ಆ ಹೆಸರು. ೩೫೫ ಮತ್ತು ೧೧೩ನ್ನು ಹೀಗೆ ಭಾಗಿಸಿದರೆ ಬಳ್ಳಿಯಲ್ಲಿ ೩, ೭, ೧೬ ಎಂಬ ಮೂರು ಎಲೆಗಳು ಬಂದು ಲೆಕ್ಕವು ಮುಗಿಯುತ್ತದೆ. ಎರಡು ಪೂರ್ಣಾಂಕಗಳಿಂದ ಹೊರಟರೆ ಬಳ್ಳಿಯು ಎಲ್ಲಿಯಾದರೂ ಮುಗಿಯಲೇಬೇಕು. ಅಭಾಗಲಬ್ಧ ಸಂಖ್ಯೆಯಿಂದ ಹೊರಟರೆ ಮುಗಿಯುವುದೇ ಇಲ್ಲ. ಆ ಮುಗಿಯದ ಬಳ್ಳಿಯಲ್ಲಿ ಯಾವ ಎಲೆಯು ಎಷ್ಟು ಸಲ ಬರುವುದೆಂದು ಆಚಾರ್ಯನು ಕೇಳಲಿಲ್ಲ; ಅವನ ಉದ್ದೇಶವು ಬೇರೆಯಾಗಿತ್ತು. ಕೇಳಿದವನು ಜರ್ಮನಿಯ ಗೌಸ್. ೧೮೧೨ರ ಜನವರಿ ೩೦ರಂದು ಅವನು ಫ್ರಾನ್ಸಿನ ಲಾಪ್ಲಾಸನಿಗೆ ಬರೆದ ಪತ್ರದಲ್ಲಿ ಉತ್ತರವನ್ನೇ ಬರೆದುಬಿಟ್ಟಿದ್ದನು. ಆದರೆ ಎಷ್ಟು ಹೆಜ್ಜೆಗಳಲ್ಲಿ ಎಷ್ಟು ಸಮೀಪಕ್ಕೆ ಬರುವುದೆಂಬುದು ತನಗೆ ತೃಪ್ತಿಕರವಾಗಿ ಬಗೆಹರಿಯಲಿಲ್ಲವೆಂದು ಒಪ್ಪಿಕೊಂಡನು. ಅಂತಹ ಗೌಸನೇ ಬಿಟ್ಟ ಗಂಟು ಬಿಚ್ಚಲು ನೂರಹದಿನಾರು ವರ್ಷಗಳು ಹಿಡಿದುವು. ೧೯೨೮ರಲ್ಲಿ ರಷ್ಯದ ಕುಜ್‌ಮಿನ್ನನೂ, ಮರುವರ್ಷ ಫ್ರಾನ್ಸಿನ ಪಾಲ್ ಲೆವಿಯೂ ಅದನ್ನು ಬಿಚ್ಚಿದರು. ಪ್ರಾಯಃ ಎಲ್ಲ ಬಳ್ಳಿಗಳಲ್ಲಿಯೂ ನೂರಕ್ಕೆ ೪೧.೫ ಎಲೆಗಳು ೧, ೧೭ ಎಲೆಗಳು ೨, ೯.೩ ಎಲೆಗಳು ೩. ‘ಪ್ರಾಯಃ’ ಎಂಬ ಮಾತಿನ ಹರಿತವು ಇಲ್ಲಿಯೂ ಕಡಮೆಯಾಗಿಲ್ಲ. ಎರಡರ ವರ್ಗಮೂಲದ ಬಳ್ಳಿಯಲ್ಲಿ ಮೊದಲ ಎಲೆಯೊಂದನ್ನು ಬಿಟ್ಟರೆ ಉಳಿದುವೆಲ್ಲ ೨ ಮಾತ್ರ! ಶಾಲೆಯ ಮಕ್ಕಳಿಗೆ ಪರಿಚಿತವಾದ ಸಂಖ್ಯೆಯೇ ಲೋಕನಿಯಮಕ್ಕೆ ಹೊರಗಾಗಿ ನಿಂತಿದೆ.

ಈ ಸಿದ್ಧಾಂತದ ಇತ್ತೀಚಿನ ವಿಜಯಗಳನ್ನೆಲ್ಲ ವರ್ಣಿಸಲು ಇಲ್ಲಿ ಸ್ಥಳವಿಲ್ಲ. ಎಣಿಕೆಯ ಸಂಖ್ಯೆಗಳಲ್ಲಿ ಒಂದು ಗೊತ್ತಾದ ಪಾಲನ್ನು ಹೇಗೆ ಆರಿಸಿಕೊಂಡರೂ ಅದರೊಳಗೆ ಸಮಾನಾಂತರದ ಶ್ರೇಢಿಗಳು ಎಷ್ಟು ಉದ್ದದವು ಬೇಕಾದರೂ ದೊರಕುವುವೆಂದು ಹಂಗೆರಿಯ ಸೆಮೆರೆಡಿಯು ೧೯೭೫ರಲ್ಲಿ ಸಾಧಿಸಿದನು. ಫುರ್ಸ್ಟೆನ್‌ಬರ್ಗನು ೧೯೭೭ರಲ್ಲಿ ಅದನ್ನೇ ಬೆಂಡು-ಕೆರೆಗಳ ಭಾಷೆಯಲ್ಲಿ ಸಾಧಿಸಿ ಹೊಸ ಹಾದಿಯನ್ನು ತೆರೆದನು. ಆ ಹಾದಿಯ ವಿಚಾರಗಳನ್ನೂ ಬಳಸಿಕೊಂಡು ೨೦೦೪ರಲ್ಲಿ ಗ್ರೀನ್ ಮತ್ತು ಟಾವೋ ಎಂಬವರು ಅವಿಭಾಜ್ಯ ಸಂಖ್ಯೆಗಳಲ್ಲಿಯೂ ಹಾಗೆಯೇ ಎಂದು ತೋರಿಸಿದರು. ೧೯೯ರಿಂದ ೨೧೦ ೨೧೦ರಂತೆ ಏರುತ್ತ ೨೦೮೯ರ ವರೆಗೆ ಹತ್ತು ಅವಿಭಾಜ್ಯಗಳಿರುವುದನ್ನು ಆಸಕ್ತರು ತಾವೇ ಪರೀಕ್ಷಿಸಬಹುದು. ಮುಂಬಯಿಯ ತಾತಾ ಸಂಸ್ಥೆಯ ಪಾತ್ರವೂ ಸಣ್ಣದಲ್ಲ. ಅಲ್ಲಿಯ ಎಂ. ಎಸ್. ರಘುನಾಥನ್ನರ ಊಹೆಯೊಂದು ಎಸ್. ಜಿ. ದಾನಿಯವರ ೧೯೮೧ರ ಲೇಖನದಲ್ಲಿ ಪ್ರಕಟವಾಗಿ, ಮುಂದೆ ಮಾರ್ಗುಲಿಸ್, ಮರೀನಾ ರಾಟ್ನರ್ ಮೊದಲಾದವರ ಮಹತ್ತಾದ ಕೃತಿಗಳಿಗೆ ದಾರಿತೋರಿಸಿತು. ೨೦೧೦ರಲ್ಲಿ ಹೈದರಾಬಾದಿನಲ್ಲಿ ಕೂಡಿದ ಗಣಿತಜ್ಞರ ಜಾಗತಿಕ ಸಮ್ಮೇಲನದಲ್ಲಿ ಇಸ್ರೇಲಿನ ಲಿಂಡೆನ್‌ಸ್ಟ್ರಾಸನಿಗೆ ಫೀಲ್ಡ್ಸ್ ಪದಕವು ದೊರೆತುದೂ, ಎರ್ಗೋಡಿಕ್ ಸಿದ್ಧಾಂತವನ್ನು ಸಂಖ್ಯಾವಿಷಯಗಳಿಗೆ ಅನ್ವಯಿಸಿದ ಕೆಲಸಕ್ಕೇ.

ಇವುಗಳೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಪಿಳ್ಳೆಯವರು ಕೈಹಾಕಿದ ಇನ್ನೊಂದು ಪ್ರಶ್ನೆ. ಪ್ರತಿಯೊಂದು ಪೂರ್ಣಾಂಕವನ್ನೂ ನಾಲ್ಕಕ್ಕೆ ಮೀರದ ವರ್ಗಗಳ ಮೊತ್ತವನ್ನಾಗಿಯೂ, ಒಂಬತ್ತಕ್ಕೆ ಮೀರದ ಘನಗಳ ಮೊತ್ತವನ್ನಾಗಿಯೂ, ಹತ್ತೊಂಬತ್ತಕ್ಕೆ ಮೀರದ ನಾಲ್ಕನೆಯ ಘಾತಗಳ ಮೊತ್ತವನ್ನಾಗಿಯೂ ಬರೆಯಬಹುದೆಂದು ಇಂಗ್ಲೆಂಡಿನ ವೇರಿಂಗನು ೧೭೭೦ರಲ್ಲಿ ಆಧಾರಕೊಡದೆ ಹೇಳಿದ್ದನು. ಹತ್ತೊಂಬತ್ತಕ್ಕೆ ಕಡಮೆಯಾಗಲಾರದೆಂಬುದು ಸುಲಭ. ೭೯ನ್ನು ತೆಗೆದುಕೊಳ್ಳಿರಿ, ೩ರ ನಾಲ್ಕನೆಯ ಘಾತವಾದ ೮೧ ಅದಕ್ಕಿಂತ ದೊಡ್ಡದಾದ್ದರಿಂದ ೧೬ ಮತ್ತು ೧ಗಳಿಂದಲೇ ಅದನ್ನು ತುಂಬಬೇಕು, ನಾಲ್ಕು ೧೬ಗಳೂ ಹದಿನೈದು ೧ಗಳೂ ಬೇಕಾಗುತ್ತವೆ. ಇದೇ ಯುಕ್ತಿಯಿಂದ ಎಲ್ಲ ಘಾತಗಳಿಗೂ ಒಂದು ಸೂತ್ರವು ದೊರಕುತ್ತದೆ. ೨ರ ಆ ಘಾತಕ್ಕೆ, ಒಂದೂವರೆಯ ಅದೇ ಘಾತದ ಪೂರ್ಣಾಂಕ ಭಾಗವನ್ನು ಕೂಡಿ, ಎರಡನ್ನು ಕಳೆಯಬೇಕು. ಆರನೆಯ ಘಾತಕ್ಕೆ ೬೪ಕ್ಕೆ ೧೧ನ್ನು ಕೂಡಿ ೨ನ್ನು ಕಳೆದರೆ ೭೩. ಅಷ್ಟು ಸಾಕೆಂಬುದನ್ನೂ ಪಿಳ್ಳೆಯವರು ೧೯೪೦ರಲ್ಲಿ, ಅದೇ ಬೆಂಗಳೂರಿನ ನಡವಳಿಗಳಲ್ಲಿ, ಸಾಧಿಸಿದರು. ನಾಲ್ಕನೆಯ ಘಾತದ ಹತ್ತೊಂಬತ್ತನ್ನು ೧೯೮೬ರಲ್ಲಿ ಸ್ಥಾಪಿಸಿದವರಲ್ಲಿಯೂ ಆರ್. ಬಾಲಸುಬ್ರಹ್ಮಣ್ಯನ್ ಎಂಬ ಭಾರತೀಯರೊಬ್ಬರಿದ್ದರು.

ದೊಡ್ಡ ಘಾತಗಳಿಗೆ ಈ ಸೂತ್ರವು ಸಲ್ಲುವುದೆಂಬುದನ್ನು ಪಿಳ್ಳೆಯವರೂ ಅಮೇರಿಕದ ಡಿಕ್ಸನ್ನನೂ ೧೯೩೬ರ ಸುಮಾರಿಗೆ ಒಬ್ಬರನ್ನೊಬ್ಬರು ಅರಿಯದೆಯೇ ತೋರಿಸಿದರು. ಆದರೆ ಒಂದು ನಿಬಂಧನೆಯ ಮೇಲೆ. ಒಂದೂವರೆಯ ಘಾತಗಳನ್ನು ಬರೆದು ನೋಡಿರಿ: ೧.೫, ೨.೨೫, ೩.೩೭೫, ೫.೦೬೨೫, ೭.೫೯೩೭೫. ಇವುಗಳಲ್ಲಿ ಪೂರ್ಣಾಂಕವನ್ನು ಬಿಟ್ಟು ಉಳಿದ ಭಾಗವು ೧ರ ತೀರ ಸಮೀಪಕ್ಕೆ, ಎಂದರೆ ಮುಕ್ಕಾಲಿನ ಅದೇ ಘಾತದಷ್ಟು ಸಮೀಪಕ್ಕೆ, ಬಾರದಿದ್ದರೆ ಸೂತ್ರವು ಸತ್ಯ. ಆ ಉಳಿದ ಭಾಗಗಳು ನಮ್ಮ ಇರುವೆಯಂತೆ ಪಕ್ಷಪಾತವಿಲ್ಲದೆ ಅಲೆಯುವುದಾದರೆ ಅಷ್ಟು ಸಮೀಪಕ್ಕೆ ಬರುವ ಸಂಭವವು ಇಲ್ಲವೆಂಬಷ್ಟು ಕಡಮೆ. ನೂರನೆಯ ಘಾತಕ್ಕೆ ಬರುವಷ್ಟರಲ್ಲಿಯೇ ಅದು ಲಕ್ಷಕೋಟಿಗೊಂದಕ್ಕಿಂತಲೂ ಕಡಮೆಯಾಗುತ್ತದೆ. ಪ್ರಾಯಃ ಎಲ್ಲ ಸಂಖ್ಯೆಗಳ ಘಾತಗಳೂ ಹಾಗೆ ಸಮನಾಗಿ ಹರಡುವುವೆಂಬುದನ್ನು ೧೯೩೫ರಲ್ಲಿ ಹಾಲೆಂಡಿನ ಕೋಕ್ಸ್ಮನು ಸಾಧಿಸಿದ್ದಾನೆ. ಆದರೆ ಒಂದೂವರೆಯು ಆ ಎಲ್ಲದರಲ್ಲಿ ಸೇರಿದೆಯೋ, ಅಪವಾದಗಳಲ್ಲಿ ಸೇರಿದೆಯೋ? ಟಿ. ವಿಜಯರಾಘವನ್ನರು ೧೯೪೦ರಲ್ಲಿ, ಈ ಉಳಿದ ಭಾಗಗಳು ಕೆಲವೇ ಸ್ಥಾನಗಳ ಸುತ್ತ ಮುತ್ತಿಕೊಂಡು ನಿಲ್ಲುವುದಿಲ್ಲವೆಂಬಷ್ಟನ್ನು ಸ್ಥಾಪಿಸಿದರು. ಅವು ಚಕ್ರದ ಪ್ರತಿಯೊಂದು ಮೂಲೆಗೂ ಒಮ್ಮೆಯಾದರೂ ಹೋಗುವುವೇ ಎಂಬುದನ್ನು ಕೂಡ ಇಂದಿಗೂ ಯಾರೂ ಸಾಧಿಸಿಲ್ಲ.

ಪಿಳ್ಳೆಯವರು ೧೯೫೦ರ ಆಗಸ್ಟಿನಲ್ಲಿ ಅಮೇರಿಕಕ್ಕೆ ಹೊರಟು, ಕೈರೋ ನಗರದ ಸಮೀಪದಲ್ಲಾದ ವಿಮಾನಾಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತು ವರ್ಷಗಳೂ ತುಂಬಿರಲಿಲ್ಲ. ಅವರು ವಿಧಿಸಿದ ನಿಬಂಧನೆಯನ್ನು ಮುರಿಯುವ ಘಾತಗಳು ಇದ್ದರೂ ಎಣಿಸಿ ಮುಗಿಸುವಷ್ಟು ಮಾತ್ರ ಇದ್ದಾವೆಂದು ಮಾಹ್ಲರನು ೧೯೫೭ರಲ್ಲಿ ಸಾಧಿಸಿದನು. ಆದರೆ ಅವು ಎಲ್ಲಿಯವರೆಗೆ ಇರಬಹುದೆಂಬುದನ್ನು ಅವನ ಸಾಧನೆಯು ತಿಳಿಸುವುದಿಲ್ಲ. ೧೯೯೦ರಲ್ಲಿ ಯಂತ್ರದಿಂದ ೪೭ ಕೋಟಿ ೧೬ ಲಕ್ಷದವರೆಗಿನ ಘಾತಗಳನ್ನು ಪರೀಕ್ಷಿಸಿದ್ದಾಯಿತು. ಅಲ್ಲಿಯವರೆಗೆ ಒಂದೂ ಮುರಿದಿಲ್ಲ.